ಗೋವಾದ ಮಳೆಗೆ ಎಂಥ ಮನೆ? ಚಿರೆಕಲ್ಲು, ಕಾಂಕ್ರೀಟು, ಹೆಂಚಿನ ಲೆಕ್ಕ

ಪ್ರಶ್ನೆ: ನಾವು ಹಾವೇರಿ ಕಡೆಯವರು, ಹದಿನೆಂಟು ವರ್ಷದಿಂದ ಗೋವಾದಲ್ಲಿದ್ದೇವೆ. ಪೋಂಡಾ ತಾಲೂಕಿನಲ್ಲಿ 300 ಚದರ ಮೀಟರಿನ ಇಳಿಜಾರು ಸೈಟು ಕೊಂಡಿದ್ದೇವೆ, ಸನದ್ (ಭೂಪರಿವರ್ತನೆಯ ಪತ್ರ) ಆಗಿದೆ. ನೆಲಮಹಡಿಯ ಮೇಲೆ ಒಂದು ಮಹಡಿ, ಒಟ್ಟು 150 ಚದರ ಮೀಟರಿನ ಮನೆ ಕಟ್ಟಬೇಕು. ಗುತ್ತಿಗೆದಾರರು ಪಿಲ್ಲರ್-ಬೀಮು, ಎಂ20 ಕಾಂಕ್ರೀಟು, ಎಎಸಿ ಎಂಬ ಹಗುರ ಸಿಮೆಂಟ್ ಬ್ಲಾಕು, ಸಪಾಟು ಟೆರೇಸು ಎನ್ನುತ್ತಾರೆ. ಮಗಳು ಚಿರೆಕಲ್ಲು (ಕೆಂಪು ಮುರಕಲ್ಲು), ಸೋಲಾರು, ಮಳೆನೀರು ಅಂತ ಪರಿಸರಸ್ನೇಹಿ ಮನೆಯ ಮಾತಾಡುತ್ತಾಳೆ. ನಾವಿರುವ ಬಾಡಿಗೆ ಮನೆಯ ಸ್ಲ್ಯಾಬಿನ ಅಡಿ ಹದಿನೈದೇ ವರ್ಷಕ್ಕೆ ಉದುರಿ ಸರಳು ಕಾಣುತ್ತಿದೆ. ನಮ್ಮ ಮನೆಗೆ ಹಾಗಾಗಬಾರದು. ದುಡ್ಡು ಅಳತೆಯದು. ಯಾವುದಕ್ಕೆ ಖರ್ಚು ಮಾಡೋಣ, ಯಾವುದನ್ನು ಬಿಡೋಣ?

ಉತ್ತರ: ನಿಮ್ಮ ಬಾಡಿಗೆ ಮನೆಯ ಸ್ಲ್ಯಾಬಿನಿಂದಲೇ ಶುರು ಮಾಡೋಣ. ನೀವು ಕೇಳಿದ್ದಕ್ಕೆ ಮುಕ್ಕಾಲು ಪಾಲು ಉತ್ತರ ಅಲ್ಲೇ ಇದೆ.

ಹದಿನೈದು ವರ್ಷಕ್ಕೆ ಒಡೆಯುವ ಸ್ಲ್ಯಾಬಿಗೆ ಹಾಕಿದ ಸಿಮೆಂಟು, ಕಬ್ಬಿಣ, ಉಸುಕು ಎಲ್ಲವನ್ನೂ ಇನ್ನೊಂದು ಸಲ ಹಾಕಬೇಕಾಗುತ್ತದೆ. ಜಗತ್ತಿನಲ್ಲಿ ಮನುಷ್ಯರಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಶೇ. 8ರಷ್ಟು ಸಿಮೆಂಟ್ ತಯಾರಿಕೆಯದು. ಆದ್ದರಿಂದ ಗೋವಾದಂಥ ಊರಿನಲ್ಲಿ ಪರಿಸರಸ್ನೇಹಿ ಮನೆ ಅಂದರೆ ಮೊದಲು ಒದ್ದೆಯಾಗದ ಮನೆ, ರಿಪೇರಿ ಕೇಳದ ಮನೆ. ಸೋಲಾರು, ಟ್ಯಾಂಕು ಆಮೇಲೆ. ಹಾವೇರಿಯಲ್ಲಿ ವರ್ಷಕ್ಕೆ ಮುಕ್ಕಾಲು ಮೀಟರಿನ ಆಸುಪಾಸು ಮಳೆ ಬಿದ್ದರೆ ಇಲ್ಲಿ ಸುಮಾರು ಮೂರು ಮೀಟರು, ಅದೂ ಹೆಚ್ಚಾಗಿ ನಾಲ್ಕು ತಿಂಗಳಲ್ಲಿ. ಊರಲ್ಲಿ ನಡೆಯುವ ಟೆರೇಸು, ಗಿಡ್ಡ ಸಜ್ಜಾ, ತೆಳು ಗಿಲಾವು ಇಲ್ಲಿ ನಡೆಯುವುದಿಲ್ಲ.

ಸರಳು ತುಕ್ಕು ಹಿಡಿಯುವುದು ಹೇಗೆ

ಹೊಸ ಕಾಂಕ್ರೀಟು ಸುಣ್ಣದಂತೆ ಕ್ಷಾರ. ಆ ಕ್ಷಾರದಲ್ಲಿ ಇರುವವರೆಗೆ ಸರಳಿನ ಮೇಲೆ ಕಣ್ಣಿಗೆ ಕಾಣದ ರಕ್ಷಣಾ ಪೊರೆ ಇರುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡು ಹೊರಗಿನಿಂದ ಮಿಲಿಮೀಟರು ಮಿಲಿಮೀಟರಾಗಿ ಒಳನುಗ್ಗಿ ಆ ಕ್ಷಾರವನ್ನು ಕಳೆಯುತ್ತಾ ಬರುತ್ತದೆ. ಕರಾವಳಿಯ ಉಪ್ಪು, ಅಂದರೆ ಕ್ಲೋರೈಡು, ಕ್ಷಾರ ಉಳಿದಿದ್ದರೂ ಪೊರೆಯನ್ನು ಒಡೆಯುತ್ತದೆ. ಪೊರೆ ಹೋದ ಸರಳಿಗೆ ನೀರು, ಗಾಳಿ ಎರಡೂ ಸಿಕ್ಕರೆ ತುಕ್ಕು ಶುರು. ತುಕ್ಕು ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಆ ಒತ್ತಡಕ್ಕೆ ಕಾಂಕ್ರೀಟು ಒಳಗಿನಿಂದಲೇ ಸೀಳುತ್ತದೆ. ಉದುರುವುದು ಗಿಲಾವು ಮಾತ್ರ ಅಲ್ಲ, ಕಾಂಕ್ರೀಟಿನ ಚಕ್ಕೆಯೇ.

ಇಲ್ಲಿ ಒಂದು ಲೆಕ್ಕವನ್ನು ಮನಸ್ಸಿನಲ್ಲಿಡಿ. ಇಂಗಾಲ ಒಳಗೆ ಇಳಿಯುವ ಆಳ ವರ್ಷಗಳ ವರ್ಗಮೂಲಕ್ಕೆ ತಕ್ಕಂತೆ ಬೆಳೆಯುತ್ತದೆ. 20 ಮಿಲಿಮೀಟರು ದಾಟಲು 15 ವರ್ಷ ಹಿಡಿದರೆ, ಅದೇ ಕಾಂಕ್ರೀಟಿನಲ್ಲಿ 40 ಮಿಲಿಮೀಟರು ದಾಟಲು 30 ಅಲ್ಲ, 60 ವರ್ಷ ಬೇಕು. ಸರಳಿನ ಮೇಲಿರುವ ಕಾಂಕ್ರೀಟಿನ ದಪ್ಪಕ್ಕೆ ಕವರು ಎನ್ನುತ್ತಾರೆ. ಆ ಕವರನ್ನು ಅರ್ಧಕ್ಕೆ ಇಳಿಸಿದರೆ ಆಯುಷ್ಯ ಕಾಲುಭಾಗಕ್ಕೆ ಇಳಿಯುತ್ತದೆ. ಇಡೀ ಮನೆಯಲ್ಲಿ ಇಷ್ಟು ಅಗ್ಗಕ್ಕೆ ಇಷ್ಟು ಲಾಭ ಕೊಡುವ ವಸ್ತು, ಆ ದಪ್ಪ ಉಳಿಸಲು ಸರಳಿನಡಿ ಇಡುವ ಕವರ್ ಬ್ಲಾಕ್ ಬಿಟ್ಟರೆ ಇನ್ನೊಂದಿಲ್ಲ.

ಕಾಂಕ್ರೀಟಿಗಿರುವ ಭಾರತೀಯ ಮಾನಕ ಸಂಹಿತೆ ಐಎಸ್ 456 ಪ್ರಕಾರ ಜೋರು ಮಳೆಗೆ, ಒದ್ದೆ-ಒಣಗು ಚಕ್ರಕ್ಕೆ, ಕರಾವಳಿಯ ಹವೆಗೆ ತೆರೆದ ಕಾಂಕ್ರೀಟು ತೀವ್ರ ವರ್ಗದ್ದು. ಅದಕ್ಕೆ ಕನಿಷ್ಠ ಎಂ30 (ಎಂ ಮುಂದಿನ ಅಂಕಿ ಕಾಂಕ್ರೀಟಿನ ಬಲದ ದರ್ಜೆ), ಕನಿಷ್ಠ 45 ಮಿ.ಮೀ. ಕವರು, ನೀರು-ಸಿಮೆಂಟು ಅನುಪಾತ 0.45ರ ಒಳಗೆ, ಘನ ಮೀಟರಿಗೆ ಕನಿಷ್ಠ 320 ಕಿಲೋ ಸಿಮೆಂಟು. ಮಳೆಯ ಮರೆಯಲ್ಲಿರುವ ಒಳಭಾಗ ಮಧ್ಯಮ ವರ್ಗ: ಎಂ25, 30 ಮಿ.ಮೀ. ಕವರು, ಅನುಪಾತ 0.50. ಕಂಬಕ್ಕಾದರೆ ಯಾವ ವರ್ಗವಾದರೂ 40 ಮಿ.ಮೀ.ಗೆ ಕಡಿಮೆ ಬೇಡ, ಬುನಾದಿಗೆ 50. ಗುತ್ತಿಗೆದಾರರು ಹೇಳಿದ ಎಂ20 ಸೌಮ್ಯ ವರ್ಗದ್ದು. ನಿಮ್ಮ ಸೈಟು ಸಮುದ್ರದಿಂದ ಒಳಗಿದೆ ನಿಜ, ಆದರೆ ಮಳೆಯಿಂದ ಒಳಗಿಲ್ಲ. ಎಂ20 ಬೇಡ. ಎಂ30ಕ್ಕೆ ಏರಿಸಿದರೆ ಘನ ಮೀಟರಿಗೆ ಹೆಚ್ಚಾಗುವುದು ಸುಮಾರು ಒಂದು ಚೀಲ ಸಿಮೆಂಟು, ಅಷ್ಟೇ. ಒಂದು ಮಾತು: ಬುಟ್ಟಿ ಲೆಕ್ಕದ ಮಿಶ್ರಣಕ್ಕೆ ಸಂಹಿತೆ ಒಪ್ಪುವುದು ಎಂ20ವರೆಗೆ ಮಾತ್ರ. ಅದರ ಮೇಲಿನದಕ್ಕೆ ಲ್ಯಾಬಿನಿಂದ ಮಿಕ್ಸ್ ಡಿಸೈನ್ ಮಾಡಿಸಲೇಬೇಕು.

ಕಾಗದದಲ್ಲಿ ಎಂ30 ಇದ್ದು ಸೈಟಿನಲ್ಲಿ ಕೆಡುವುದು ನೀರಿನಿಂದ. 0.45 ಅಂದರೆ 50 ಕಿಲೋ ಚೀಲಕ್ಕೆ ಒಟ್ಟು 22.5 ಲೀಟರು. ಒದ್ದೆ ಉಸುಕಿನಲ್ಲಿರುವ ನೀರೂ ಇದರಲ್ಲೇ ಸೇರಬೇಕು. ಚೀಲವೊಂದಕ್ಕೆ ಹೋಗುವ 100 ಕಿಲೋ ಉಸುಕಿನಲ್ಲಿ ಶೇ. 5 ಒದ್ದೆ ಇದ್ದರೆ ಅಲ್ಲೇ 5 ಲೀಟರು ಬಂತು, ಮಿಕ್ಸರಿಗೆ ಸುರಿಯಬೇಕಾದದ್ದು 17-18 ಲೀಟರು ಮಾತ್ರ. ಅಷ್ಟರಲ್ಲಿ ಮಾಲು ಗಟ್ಟಿಯಾಗಿ ಕಾಣುತ್ತದೆ, ಗೌಂಡಿ ಇನ್ನೊಂದು ಬಕೆಟ್ ಸುರಿಯುತ್ತಾರೆ, ಅಲ್ಲಿಗೆ ಎಂ30 ಎಂ20 ಆಯಿತು. ಮಾಲು ಸಡಿಲ ಬೇಕಾದರೆ ಪ್ಲಾಸ್ಟಿಸೈಜರು ಹಾಕಿಸಿ. ಪ್ರಮಾಣ ಡಬ್ಬದ ಮೇಲಿರುತ್ತದೆ, ಸಾಮಾನ್ಯವಾಗಿ ಸಿಮೆಂಟಿನ ತೂಕದ ಅರ್ಧದಿಂದ ಒಂದು ಶೇಕಡಾ, ಅಂದರೆ ಚೀಲಕ್ಕೆ ಕಾಲರಿಂದ ಅರ್ಧ ಕಿಲೋ. ಸ್ಲ್ಯಾಬಿಗೆ ಆರ್‌ಎಂಸಿ, ಅಂದರೆ ಕಾರ್ಖಾನೆಯಲ್ಲೇ ಕಲಸಿದ ಕಾಂಕ್ರೀಟಿನ ಲಾರಿ ತರಿಸಿದರೂ ಸೈಟಿನಲ್ಲಿ ಡ್ರಮ್ಮಿಗೆ ನೀರು ಹಾಕಲು ಬಿಡಬೇಡಿ.

ಸಿಮೆಂಟು ಒಪಿಸಿ 53, ಅಂದರೆ ಬೂದಿ-ಕಿಟ್ಟ ಬೆರೆಸದ ಸಾದಾ ಸಿಮೆಂಟು, ಬೇಡ. ಉಕ್ಕಿನ ಕಾರ್ಖಾನೆಯ ಕಿಟ್ಟ ಸೇರಿದ ಸ್ಲ್ಯಾಗ್ ಸಿಮೆಂಟು ಅಥವಾ ಹಾರುಬೂದಿ ಸೇರಿದ ಪಿಪಿಸಿ ತೆಗೆದುಕೊಳ್ಳಿ. ಇವುಗಳಲ್ಲಿ ಸುಣ್ಣಕಲ್ಲು ಸುಟ್ಟು ಮಾಡುವ ಕ್ಲಿಂಕರು ಕಡಿಮೆ, ಹಾಗಾಗಿ ಇಂಗಾಲವೂ ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಚೆನ್ನಾಗಿ ನೀರುಂಡರೆ ಕಾಂಕ್ರೀಟಿನ ಸೂಕ್ಷ್ಮ ರಂಧ್ರ ಮುಚ್ಚಿಕೊಂಡು ಉಪ್ಪು ಒಳಗಿಳಿಯುವುದು ನಿಧಾನವಾಗುತ್ತದೆ. ಸುಟ್ಟ ಜೇಡಿಮಣ್ಣು, ಸುಣ್ಣಕಲ್ಲು ಸೇರಿದ ಹೊಸ ಬಗೆಯ ಸಿಮೆಂಟಿಗೂ 2023ರಲ್ಲಿ ಐಎಸ್ 18189 ಬಂದಿದೆ. ಅದರಲ್ಲಿ ಕ್ಲಿಂಕರು ಅರ್ಧದಷ್ಟೇ. ನಿಮ್ಮ ಅಂಗಡಿಯಲ್ಲಿ ಸಿಕ್ಕರೆ ಬಳಸಬಹುದು, ಹುಡುಕಿಕೊಂಡು ದೂರ ಹೋಗಬೇಡಿ. ಈ ಎಲ್ಲ ಮಿಶ್ರ ಸಿಮೆಂಟುಗಳ ದೌರ್ಬಲ್ಯ ಒಂದೇ: ಮೊದಲ ದಿನಗಳಲ್ಲಿ ಗಟ್ಟಿಯಾಗುವುದು ತಡ. ನೀರು ಹೊಡೆಯುವುದು 7 ದಿನಕ್ಕೆ ನಿಲ್ಲಬಾರದು, 14 ದಿನ ಬೇಕು. ಸ್ಲ್ಯಾಬಿನ ಮೇಲೆ ಕಟ್ಟೆ ಕಟ್ಟಿ 50 ಮಿ.ಮೀ. ನೀರು ನಿಲ್ಲಿಸಿ. ಕಂಬಕ್ಕೆ ಗೋಣಿತಟ್ಟು ಸುತ್ತಿ, ಮೇಲೆ ಪ್ಲಾಸ್ಟಿಕ್ ಬಿಗಿದು ಒದ್ದೆ ಇಡಿ. ಸಾಮಾನ್ಯವಾಗಿ ನೀರು ಕಾಣದೆ ಸಾಯುವುದು ಕಂಬಗಳೇ. ಸೆಂಟ್ರಿಂಗಿನ ಆಸರೆ 4.5 ಮೀಟರಿನ ಒಳಗಿನ ಸ್ಲ್ಯಾಬಿಗೆ 7 ದಿನ, ಬೀಮಿಗೆ 14 ದಿನ ಎನ್ನುವುದು ಒಪಿಸಿಯ ಲೆಕ್ಕ. ಸ್ಲ್ಯಾಗ್ ಸಿಮೆಂಟಿಗೆ ಎಷ್ಟು ದಿನ ಹೆಚ್ಚಿಸಬೇಕೆಂದು ಎಂಜಿನಿಯರರಿಂದ ಬರೆಸಿಕೊಳ್ಳಿ.

ಕವರ್ ಬ್ಲಾಕು ಕಾಂಕ್ರೀಟಿನದೇ ಇರಲಿ. ಖಡಿಚೂರು, ಟೈಲ್ಸ್ ತುಂಡು, ಮರದ ಚಕ್ಕೆ ಇಟ್ಟರೆ ಅವು ಜಾರುತ್ತವೆ, ಅದೇ ಜಾಗದಿಂದ ನೀರೂ ಒಳಗೆ ಬರುತ್ತದೆ. ಮೀಟರಿಗೊಂದರಂತೆ ಇಟ್ಟು, ಸರಳಿನ ಮೇಲೆ ಕೂಲಿಯವರು ಓಡಾಡಿದ ಮೇಲೂ ಅವು ನಿಂತಿವೆಯೇ ಎಂದು ಕಾಂಕ್ರೀಟು ಸುರಿಯುವ ಬೆಳಿಗ್ಗೆ ನೋಡಬೇಕು.

ಬೋರಿನದೋ ಬಾವಿಯದೋ ನೀರನ್ನು ಕೆಲಸ ಶುರುವಾಗುವ ಮೊದಲೇ ಪರೀಕ್ಷೆಗೆ ಕೊಡಿ. ಕೆಂಪುಕಲ್ಲಿನ ನೆಲದ ನೀರು ಹಲವೆಡೆ ಹುಳಿ ಗುಣದ್ದು. ಕಾಂಕ್ರೀಟಿಗೆ ಪಿಎಚ್ 6ಕ್ಕಿಂತ ಕಡಿಮೆ ಇರಬಾರದು, ಸರಳಿರುವ ಕಾಂಕ್ರೀಟಿಗೆ ಕ್ಲೋರೈಡು ಲೀಟರಿಗೆ 500 ಮಿಲಿಗ್ರಾಂ ಮೀರಬಾರದು. ಉಬ್ಬರದ ನೀರು ಬರುವ ನದಿಯ ಉಸುಕನ್ನು ಗೊತ್ತಿಲ್ಲದೆ ತರಿಸಬೇಡಿ. ಉಪ್ಪನ್ನು ನಾವೇ ಕೈಯಾರೆ ಒಳಗೆ ಹಾಕಿದಂತಾಗುತ್ತದೆ. ತೊಳೆದ ಎಂ-ಸ್ಯಾಂಡ್ ವಾಸಿ.

ಗೋಡೆಗೆ ಚಿರೆಕಲ್ಲೇ, ಆದರೆ ಪರೀಕ್ಷಿಸಿ

ಮಂಗಳೂರಿನವರು ಮುರಕಲ್ಲು, ಕಾರವಾರ-ಗೋವಾದವರು ಚಿರೆಕಲ್ಲು ಎನ್ನುವುದು ಒಂದೇ, ಲ್ಯಾಟರೈಟು. ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕನನ್ ಮಲಬಾರಿನಲ್ಲಿ ಜನ ಇದನ್ನು ನೆಲದಿಂದ ಇಟ್ಟಿಗೆಯಂತೆ ಕಡಿಯುವುದನ್ನು ನೋಡಿ, 1807ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಲ್ಯಾಟಿನ್ನಿನ ಇಟ್ಟಿಗೆ ಪದದಿಂದ ಆ ಹೆಸರಿಟ್ಟ. ಸುಡಬೇಕಾಗಿಲ್ಲ, ನಿಮ್ಮ ತಾಲೂಕಿನಲ್ಲೇ ಸಿಗುತ್ತದೆ. ಈ ವಿಷಯದಲ್ಲಿ ನಿಮ್ಮ ಮಗಳ ಮಾತು ಸರಿ.

ಎಲ್ಲ ಚಿರೆಯೂ ಒಂದೇ ಅಲ್ಲ. ಐಎಸ್ 3620 ಕೇಳುವುದು ಎರಡು ಸಂಗತಿ: ಚದರ ಮಿಲಿಮೀಟರಿಗೆ ಕನಿಷ್ಠ 3.5 ನ್ಯೂಟನ್ ಬಲ, ನೀರು ಹೀರುವುದು ತೂಕದ ಶೇ. 12ರ ಒಳಗೆ. ಎರಡನೆಯದನ್ನು ನೀವೇ ನೋಡಬಹುದು. ರಾಶಿಯ ಬೇರೆ ಬೇರೆ ಕಡೆಯಿಂದ ಐದು ಕಲ್ಲು ಆರಿಸಿ, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ತೂಗಿ, 24 ಗಂಟೆ ನೀರಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿ. 35 ಕಿಲೋ ಕಲ್ಲು 39 ಕಿಲೋ ದಾಟಿದರೆ ಆ ಗಣಿಯ ಕಲ್ಲು ಬೇಡ. ಸುತ್ತಿಗೆಯಿಂದ ತಟ್ಟಿದಾಗ ಟಣ್ ಎನ್ನಬೇಕು. ಬಿಳಿ-ಹಳದಿ ಶೇಡಿ ಮಣ್ಣಿನ ಗೂಡುಗಳಿರುವ ಕಲ್ಲನ್ನು ತೆಗೆದಿಡಿ, ಮಳೆಗೆ ಆ ಮಣ್ಣು ತೊಳೆದುಹೋಗಿ ತೂತಾಗುತ್ತದೆ. ಹೊಸದಾಗಿ ಕಡಿದ ಕಲ್ಲು ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. ಮೂರು ತಿಂಗಳು ಹಾಗೇ ಬಿಡಿ. ಗಣಿಗೆ ಪರವಾನಗಿ ಇದೆಯೇ, ಲಾರಿಗೆ ಪಾಸ್ ಇದೆಯೇ ಕೇಳಿ. ಅಕ್ರಮವಾಗಿ ಅಗೆದು ಬಿಟ್ಟ ಹೊಂಡಗಳು ಮಳೆಗಾಲದಲ್ಲಿ ತುಂಬಿ ಜೀವ ತೆಗೆದಿವೆ, ಅಂಥ ಕಲ್ಲಿನಿಂದ ಪರಿಸರಸ್ನೇಹಿ ಮನೆ ಕಟ್ಟಲಾಗದು. ಹಳೆಯ ಮನೆ ಕೆಡವಿದ ಕಲ್ಲು ಸಿಕ್ಕರೆ ಅದು ಎಲ್ಲಕ್ಕಿಂತ ಒಳ್ಳೆಯದು, ಆಗಲೇ ಹದವಾಗಿರುತ್ತದೆ.

ಚಿರೆಯ ತೊಂದರೆ ಅದರ ಭಾರ. 230 ಮಿ.ಮೀ. ಗೋಡೆ ಚದರ ಮೀಟರಿಗೆ ಸುಮಾರು 480 ಕಿಲೋ ತೂಗಿದರೆ, 200 ಮಿ.ಮೀ. ಎಎಸಿ ಗೋಡೆ ಗಿಲಾವು ಬಿಟ್ಟು 120 ಕಿಲೋ. ಪಿಲ್ಲರ್-ಬೀಮಿನ ಚೌಕಟ್ಟು ಎಬ್ಬಿಸಿ ಮಧ್ಯೆ ಚಿರೆ ತುಂಬಿಸಿದರೆ ಆ ಭಾರಕ್ಕೆಲ್ಲ ಬೀಮು ದಪ್ಪ, ಬುನಾದಿ ದೊಡ್ಡದು. ಭಾರ ಹೊರಬಲ್ಲ ಕಲ್ಲನ್ನು ಭಾರವಾಗಿ ಹೊರುವುದು ಎರಡು ಕಡೆ ನಷ್ಟ. ಚಿರೆ ಬಳಸುವುದಾದರೆ ಅದೇ ಮನೆಯನ್ನು ಹೊರಲಿ.

ಭೂಕಂಪದ ಪ್ರಶ್ನೆ ಬರುತ್ತದೆ, ಬರಲೇಬೇಕು. 2016ರ ಐಎಸ್ 1893 ನಕ್ಷೆಯಲ್ಲಿ ಗೋವಾ ಮೂರನೇ ವಲಯ. 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪ ಈ ಪಶ್ಚಿಮ ಘಟ್ಟದಲ್ಲೇ ಆದದ್ದು. ಬರಿಯ ಕಲ್ಲುಗೋಡೆ ಬೇಡ. ಕಟ್ಟುಹಾಕಿದ ಗೋಡೆ ಕಟ್ಟಿಸಿ, ಎಂಜಿನಿಯರರು ಕನ್‌ಫೈನ್ಡ್ ಮೇಸನ್ರಿ ಎನ್ನುವುದು ಇದಕ್ಕೇ. ಗಾಂಧಿನಗರದ ಐಐಟಿಯ ಹಾಸ್ಟೆಲು, ಸಿಬ್ಬಂದಿ ಮನೆಗಳನ್ನು ಈ ಪದ್ಧತಿಯಲ್ಲೇ ಕಟ್ಟಿದ್ದಾರೆ. ಇಲ್ಲಿ ಕೆಲಸದ ಕ್ರಮವೇ ತಿರುಗಾಮುರುಗ: ಮೊದಲು ಗೋಡೆ, ಆಮೇಲೆ ಕಂಬ. ಗೋಡೆಯ ಮೂಲೆಗಳಲ್ಲಿ, ಗೋಡೆ ಗೋಡೆ ಸೇರುವಲ್ಲಿ, ದೊಡ್ಡ ಬಾಗಿಲ ಪಕ್ಕದಲ್ಲಿ, ನಾಲ್ಕು ಮೀಟರಿಗೊಂದರಂತೆ ಕಂಬದ ಜಾಗ ಬಿಟ್ಟು, ಒಂದು ವರಸೆ ಬಿಟ್ಟು ಒಂದು ವರಸೆಯ ಕಲ್ಲನ್ನು ಹಲ್ಲಿನಂತೆ 40-50 ಮಿ.ಮೀ. ಹೊರಚಾಚಿ ಕಟ್ಟಬೇಕು. ಸರಳು ಮೊದಲೇ ನಿಂತಿರುತ್ತದೆ. ಗೋಡೆ ಎದ್ದ ಮೇಲೆ ಎರಡು ಬದಿಗೆ ಹಲಗೆ ಕಟ್ಟಿ ಕಾಂಕ್ರೀಟು ಸುರಿದರೆ ಅದು ಹಲ್ಲುಗಳ ನಡುವೆ ಹೊಕ್ಕು ಗೋಡೆಯನ್ನು ಅಪ್ಪಿಕೊಳ್ಳುತ್ತದೆ. ಕಂಬ ಗೋಡೆಯಷ್ಟೇ ದಪ್ಪ, 230 ಮಿ.ಮೀ. ಚೌಕ. ಪ್ಲಿಂತ್ (ನೆಲಗಟ್ಟು), ಲಿಂಟಲ್ (ಬಾಗಿಲ ಮೇಲಿನ ತೊಲೆ), ಸ್ಲ್ಯಾಬ್ ಮಟ್ಟದಲ್ಲಿ ಮನೆಯನ್ನೆಲ್ಲ ಎಲ್ಲೂ ಕಡಿಯದೆ ಸುತ್ತುವ ಪಟ್ಟಿ ಬೇಕು. ಸರಳಿನ ಲೆಕ್ಕ ಎಂಜಿನಿಯರದು. ಮೂಲೆಯಲ್ಲಿ ಸರಳನ್ನು ಬಗ್ಗಿಸಿ ಇನ್ನೊಂದು ಗೋಡೆಯೊಳಗೆ ಒಯ್ಯುವುದನ್ನು ಮಾತ್ರ ನೀವೇ ನೋಡಿ, ಅಲ್ಲಿ ಕತ್ತರಿಸಿದ ಪಟ್ಟಿ ಪಟ್ಟಿಯೇ ಅಲ್ಲ. ಮೇಲಿನ ಗೋಡೆ ಕೆಳಗಿನ ಗೋಡೆಯ ಮೇಲೇ ಬರುವ ಹಾಗೆ ನಕ್ಷೆ ಇರಬೇಕು. ಕೆಳಗೆ ಪೂರ್ತಿ ತೆರೆದ ಪಾರ್ಕಿಂಗು ಬೇಕೆಂದರೆ ಈ ಪದ್ಧತಿ ಸಲ್ಲದು.

ಗೋವಾದ ಕಟ್ಟಡಗಳಲ್ಲಿ ವಿಜಯಪುರ, ಬಾಗಲಕೋಟೆ, ಗದಗ ಕಡೆಯ ಗೌಂಡಿಗಳೇ ಬಹಳ. ಇದನ್ನು ಅವರೊಂದಿಗೆ ನೇರವಾಗಿ ಕನ್ನಡದಲ್ಲೇ ಮಾತಾಡಿ. ಗೋಡೆ ಮೊದಲು, ಕಂಬ ಆಮೇಲೆ ಎನ್ನುವುದು ಅವರ ರೂಢಿಗೆ ವಿರುದ್ಧ. ಕಾರಣ ಹೇಳದಿದ್ದರೆ ಅರ್ಧದಲ್ಲಿ ಹಳೆಯ ದಾರಿಗೆ ಹೊರಳುತ್ತಾರೆ.

ಮಾಲಿಗೆ ಸಿಮೆಂಟು, ಸುಣ್ಣ, ಉಸುಕು 1:1:6. ಸುಣ್ಣ ಸೇರಿದ ಮಾಲು ಸ್ವಲ್ಪ ಬಾಗುತ್ತದೆ, ಬಿರುಕು ಕಡಿಮೆ. ಯಂತ್ರದಲ್ಲಿ ಕೊಯ್ದ ಕಲ್ಲಾದರೆ ಸಂದು 10-12 ಮಿ.ಮೀ. ಸಾಕು, ಕೈಯಿಂದ ಕಡಿದದ್ದಕ್ಕೆ 20 ಬೇಕಾಗಿ ಮಾಲು ಹೆಚ್ಚು ತಿನ್ನುತ್ತದೆ. ಕಲ್ಲನ್ನು ನೀರಲ್ಲಿ ನೆನೆಸಿ ಇಡಬೇಕು, ಇಲ್ಲವಾದರೆ ಮಾಲಿನ ನೀರನ್ನೆಲ್ಲ ಅದೇ ಕುಡಿಯುತ್ತದೆ. ದಿನಕ್ಕೆ ಒಂದು ಮೀಟರಿಗಿಂತ ಎತ್ತರ ಏರಿಸಬೇಡಿ.

ಎಎಸಿ ಕೆಟ್ಟದ್ದೆಂದಲ್ಲ. ಹಗುರ, ಶಾಖ ತಡೆಯುವುದರಲ್ಲಿ ಚಿರೆಗಿಂತ ಮುಂದೆ. ಆದರೆ ಮಳೆಗೆ ನೆನೆದ ಬ್ಲಾಕಿನಿಂದ ಗೋಡೆ ಕಟ್ಟಿ ಗಿಲಾವು ಮಾಡಿದರೆ ಒಣಗುವಾಗ ಕುಗ್ಗಿ ಗೆರೆ ಬಿಡುತ್ತದೆ, ಕಂಬದ ಸಂದಿನಲ್ಲಿ ಉದ್ದಕ್ಕೆ ಸೀಳುತ್ತದೆ, ಆ ಸೀಳಿನಿಂದ ನೀರು. ಗೋವಾದಲ್ಲಿ ಹಗಲು-ರಾತ್ರಿಯ ಉಷ್ಣದ ಅಂತರ ಕಡಿಮೆ, ಕಿಟಕಿ ತೆರೆದೇ ಇರುತ್ತದೆ. ನೆರಳಿನಲ್ಲಿರುವ ಗೋಡೆಗೆ ಶಾಖನಿರೋಧ ಅಷ್ಟು ಮುಖ್ಯವಲ್ಲ. ಮೇಲಿನ ಮಹಡಿಯ ಒಳವಿಭಜನೆಗೆ 100 ಮಿ.ಮೀ. ಎಎಸಿ ಬಳಸಿ, ಭಾರ ಉಳಿಯುತ್ತದೆ.

ಚಿರೆಯನ್ನು ಬತ್ತಲೆ ಬಿಡುವ ಆಸೆ ಎಲ್ಲರಿಗೂ. ಹಳೆ ಗೋವಾದ ಬಾಮ್ ಜೀಸಸ್ ಬೆಸಿಲಿಕಾವನ್ನು ಒಮ್ಮೆ ಹೋಗಿ ಹತ್ತಿರದಿಂದ ನೋಡಿ. ಅದರ ಸುಣ್ಣದ ಗಿಲಾವನ್ನು 1950ರ ದಶಕದಲ್ಲಿ ಕಿತ್ತು ಕಲ್ಲನ್ನು ಬಯಲಿಗಿಟ್ಟರು. ಅಂದಿನಿಂದ ಮಳೆ ಆ ಕಲ್ಲನ್ನು ಸವೆಸುತ್ತಿದೆ, ಗಿಲಾವು ಮತ್ತೆ ಮಾಡಬೇಕೆಂಬ ಒತ್ತಾಯ ಇಂದಿಗೂ ಇದೆ. ಹಿಂದಿನವರು ಸುಣ್ಣ ಬಳಿದದ್ದು ಚೆಂದಕ್ಕೆ ಮಾತ್ರ ಅಲ್ಲ. ನಿಮ್ಮ ಮನೆಯಲ್ಲಿ ಮಳೆ ಹೊಡೆಯುವ ನೈರುತ್ಯ, ಪಶ್ಚಿಮದ ಗೋಡೆಗೆ 1:1:6ರಲ್ಲಿ ಎರಡು ಪದರ ಗಿಲಾವು ಕೊಡಿ. ಚಾವಣಿಯ ಮರೆಯಲ್ಲಿರುವ ಜಗುಲಿ, ಗೋವಾದವರ ಬಲ್ಕಾಂವ್, ಅಲ್ಲಿ ಮಾತ್ರ ಕಲ್ಲು ಕಾಣಲಿ. ಬರೀ ಸಿಮೆಂಟಿನ ಬಿರುಸು ಗಿಲಾವು ಬೇಡ. ಬಿರುಕಿನಿಂದ ಒಳಗೆ ಹೋದ ನೀರು ಹೊರಬರಲಾಗದೆ ಗೋಡೆಯಲ್ಲೇ ಉಳಿಯುತ್ತದೆ. ನೆಲದಿಂದ ಮೊದಲ 600 ಮಿ.ಮೀ. ಸಿಡಿಯುವ ನೀರಿನ ಜಾಗ, ಅಲ್ಲಿ ಕರಿಕಲ್ಲು ಕಟ್ಟಿಸಿ.

ಚಾವಣಿ

ನನ್ನ ಪ್ರಕಾರ ಹಣದ ಮೊದಲ ಪಾಲು ಹೋಗಬೇಕಾದದ್ದು ಇಲ್ಲಿಗೆ. ಸಪಾಟು ಟೆರೇಸಿನಲ್ಲಿ ನೀರು ನಿಲ್ಲುತ್ತದೆ, ಬಿಸಿಲಿಗೆ ಹಿಗ್ಗಿ ಮಳೆಗೆ ಕುಗ್ಗಿ ಬಿರಿಯುತ್ತದೆ, ವಾಟರ್‌ಪ್ರೂಫಿಂಗನ್ನು ಮತ್ತೆ ಮತ್ತೆ ಮಾಡಿಸಬೇಕು. ಬರಿಯ ಕಾಂಕ್ರೀಟು ಸ್ಲ್ಯಾಬಿನ ಶಾಖ ದಾಟಿಸುವ ಅಂಕ ಚದರ ಮೀಟರಿಗೆ, ಡಿಗ್ರಿಗೆ 3 ವ್ಯಾಟಿನ ಮೇಲೆ. ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ಬಿಇಇಯ 2018ರ ವಸತಿ ಕಟ್ಟಡಗಳ ಸಂಹಿತೆ, ಇಕೋ ನಿವಾಸ್ ಸಂಹಿತೆ, ಚಾವಣಿಗೆ ಕೊಡುವ ಮಿತಿ 1.2. ಆ ಸಂಹಿತೆ 500 ಚದರ ಮೀಟರಿನ ಮೇಲಿನ ಸೈಟಿಗೆ, ನಿಮಗೆ ಕಡ್ಡಾಯವಲ್ಲ. ಆದರೂ ಅದು ಹೇಳುವ ಇನ್ನೊಂದು ಅಂಕ ನಿಮಗೆ ಉಪಯೋಗ: ಬಿಸಿ-ತೇವದ ಪ್ರದೇಶದಲ್ಲಿ ತೆರೆಯಬಲ್ಲ ಕಿಟಕಿ-ಬಾಗಿಲಿನ ವಿಸ್ತೀರ್ಣ ನೆಲದ ಆರನೇ ಒಂದು ಭಾಗವಾದರೂ ಇರಬೇಕು. 12 ಚದರ ಮೀಟರಿನ ಕೋಣೆಗೆ 2 ಚದರ ಮೀಟರು, ಅದೂ ಎದುರುಬದುರು ಗೋಡೆಯಲ್ಲಿ ಹಂಚಿಕೆಯಾಗಿ. ಜಾರುವ ಕಿಟಕಿ ಅರ್ಧವೇ ತೆರೆಯುತ್ತದೆ, ಲೆಕ್ಕ ಹಾಕುವಾಗ ಮರೆಯಬೇಡಿ.

ಇಳಿಜಾರು ಸ್ಲ್ಯಾಬು ಸುರಿದು ಅದರ ಮೇಲೆ ಹೆಂಚು ಅಂಟಿಸುವ ಪದ್ಧತಿ ಗೋವಾದಲ್ಲಿ ಬಹಳ. ಅದನ್ನು ನಾನು ಒಪ್ಪುವುದಿಲ್ಲ. ಇಳಿಜಾರಿನಲ್ಲಿ ಕಾಂಕ್ರೀಟು ಕೆಳಕ್ಕೆ ಜಾರುತ್ತದೆ, ವೈಬ್ರೇಟರು ಸರಿಯಾಗಿ ಓಡುವುದಿಲ್ಲ, ಜೇನುಗೂಡಿನಂತೆ ತೂತು ಬೀಳುತ್ತದೆ. ಮೇಲೆ ಪಟ್ಟಿಗೆ ಹೊಡೆದ ಒಂದೊಂದು ಮೊಳೆಯೂ ಒಂದೊಂದು ತೂತು. ಸೋರಿದರೆ ಎಲ್ಲಿಂದ ಎಂದು ಕಂಡುಹಿಡಿಯಲು ಹೆಂಚನ್ನೆಲ್ಲ ಕೀಳಬೇಕು.

ನಿಮಗೆ ಹೊಂದುವುದು ಇದು: ಮೇಲಿನ ಸ್ಲ್ಯಾಬು ಸಪಾಟು, ಅದರ ಮೇಲೆ ಗಾಳಿಯಾಡುವ ಜಾಗ ಬಿಟ್ಟು ಸತುವು ಬಳಿದ (ಗ್ಯಾಲ್ವನೈಸ್ಡ್) ಉಕ್ಕಿನ ಟ್ರಸ್ಸು, ಅಂದರೆ ಚಾವಣಿ ಹೊರುವ ಚೌಕಟ್ಟು, ಮಂಗಳೂರು ಹೆಂಚು. ಸ್ಲ್ಯಾಬಿನ ಮೇಲೆ ಮಳೆಯೂ ಬೀಳುವುದಿಲ್ಲ, ಬಿಸಿಲೂ ಬೀಳುವುದಿಲ್ಲ. ಅದು ತೀವ್ರ ವರ್ಗದಿಂದ ಮಧ್ಯಮ ವರ್ಗಕ್ಕೆ ಇಳಿಯುತ್ತದೆ, ಎಂ25 ಮತ್ತು 30 ಮಿ.ಮೀ. ಕವರು ಸಾಕಾಗುತ್ತದೆ. ಹೀಗೆ ಒಣಗಿರುವ ಸ್ಲ್ಯಾಬಿನಲ್ಲಿ ಫಿಲ್ಲರ್ ಸ್ಲ್ಯಾಬು ಧೈರ್ಯವಾಗಿ ಮಾಡಬಹುದು. ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟು ಎಳೆತವನ್ನು ತಡೆಯುವುದಿಲ್ಲ, ತಡೆಯುವುದು ಸರಳು. ಅಲ್ಲಿ ಸರಳುಗಳ ಚೌಕದ ನಡುವೆ ಎರಡು ಹೆಂಚನ್ನು ಮುಖಾಮುಖಿಯಾಗಿ ಇಟ್ಟು ಕಾಂಕ್ರೀಟು ಉಳಿಸುತ್ತಾರೆ, ನಡುವಿನ ಗಾಳಿ ಶಾಖವನ್ನೂ ತಡೆಯುತ್ತದೆ. ಹೆಂಚು ನೆನೆದಿರಬೇಕು, ಹೆಂಚು-ಹೆಂಚಿನ ನಡುವೆ ಕಾಂಕ್ರೀಟು ಇಳಿಯಲು 75-100 ಮಿ.ಮೀ. ಬೇಕು, ಆಧಾರದ ಗೋಡೆಯ ಹತ್ತಿರ ಹೆಂಚು ಇಡಬಾರದು. ಕಾಂಕ್ರೀಟಿನ ಉಳಿತಾಯ ಐದನೇ ಒಂದು ಭಾಗದ ಆಸುಪಾಸು.

ಹೆಂಚಿನ ಇಳಿಜಾರು 25ರಿಂದ 30 ಡಿಗ್ರಿ. ಸೂರಂಚು ಗೋಡೆಯಿಂದ 750-900 ಮಿ.ಮೀ. ಹೊರಬರಲಿ. ಅಂಚು ಸೇರಿ 120 ಚದರ ಮೀಟರು ಮುಚ್ಚುವುದಾದರೆ 30 ಡಿಗ್ರಿಯಲ್ಲಿ ಇಳಿಜಾರಿನ ವಿಸ್ತೀರ್ಣ 139 ಚದರ ಮೀಟರು. ಚದರ ಮೀಟರಿಗೆ ಸುಮಾರು 15 ಹೆಂಚು, ಒಡೆಯುವುದಕ್ಕೆ ಶೇ. 5 ಸೇರಿಸಿ 2,200 ತರಿಸಿ. ಒಂದೇ ಕಾರ್ಖಾನೆಯ ಒಂದೇ ಗುರುತಿನ ಹೆಂಚಿರಲಿ, ಬೇರೆ ಬೇರೆಯವು ಒಂದಕ್ಕೊಂದು ಕೂರುವುದಿಲ್ಲ.

ಗಾಳಿಯನ್ನು ಹಗುರವಾಗಿ ನೋಡಬೇಡಿ. 2021ರ ಮೇ 16ರಂದು ತೌಕ್ತೆ ಚಂಡಮಾರುತ ಗೋವಾದ ಪಕ್ಕದಿಂದ ಹಾದಾಗ ಮರ, ಕಂಬ, ಚಾವಣಿ ಏನಾದವೆಂದು ನೀವು ಇಲ್ಲಿದ್ದು ನೋಡಿದ್ದೀರಿ. ಐಎಸ್ 875ರ ಪ್ರಕಾರ ಇಲ್ಲಿನ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರು, ಗಂಟೆಗೆ 140 ಕಿಲೋಮೀಟರು. ಗಾಳಿ ಚಾವಣಿಯನ್ನು ಒತ್ತುವುದಕ್ಕಿಂತ ಎತ್ತುತ್ತದೆ, ಸೂರಂಚಿನಲ್ಲಂತೂ ಕೆಳಗಿನಿಂದಲೂ ಒದೆಯುತ್ತದೆ. ಟ್ರಸ್ಸಿನ ಕಾಲಿನ ಬೋಲ್ಟುಗಳನ್ನು ಸ್ಲ್ಯಾಬು ಸುರಿಯುವಾಗಲೇ ಮೇಲಿನ ಪಟ್ಟಿಯಲ್ಲಿ ಹುದುಗಿಸಬೇಕು. ಆಮೇಲೆ ಕೊರೆದು ಹಾಕಿದ್ದು ಅಷ್ಟು ಹಿಡಿಯುವುದಿಲ್ಲ. ಅಂಚಿನ ಎರಡು ಸಾಲು, ನೆತ್ತಿಯ ಸಾಲು, ಎರಡು ಪಕ್ಕದ ಸಾಲಿನ ಹೆಂಚುಗಳನ್ನು ತಂತಿಯಿಂದ ಕಟ್ಟಿಸಿ. ಬೆಸುಗೆ ಹಾಕಿದ ಕಡೆ ಸತುವು ಸುಟ್ಟುಹೋಗಿರುತ್ತದೆ, ತುಕ್ಕು ಅಲ್ಲಿಂದಲೇ ಶುರು. ಉಜ್ಜಿ, ಸತುವು ತುಂಬಿದ ಪ್ರೈಮರು ಬಳಿಸಿ. ಟ್ರಸ್ಸಿನ ಎತ್ತರವನ್ನು ಪರವಾನಗಿಯ ನಕ್ಷೆಯಲ್ಲೇ ತೋರಿಸಿಬಿಡಿ, ಆಮೇಲೆ ಸೇರಿಸಲು ಹೋದರೆ ಪಂಚಾಯತಿಯಲ್ಲಿ ಅಲೆದಾಟ.

ಕಿಟಕಿಯ ಸಜ್ಜಾ 600 ಮಿ.ಮೀ.ಗೆ ಕಡಿಮೆ ಬೇಡ. ಅದರ ಅಡಿಯಲ್ಲಿ ಅಂಚಿನಿಂದ 25 ಮಿ.ಮೀ. ಒಳಗೆ ಬೆರಳಗಲದ ಕಾಲುವೆ ಕೊರೆಸಿ. ನೀರು ಅಡಿಗೆ ಅಂಟಿಕೊಂಡು ಗೋಡೆಗೆ ಬರುವ ಬದಲು ಅಲ್ಲೇ ತೊಟ್ಟಿಕ್ಕುತ್ತದೆ. ಹತ್ತು ನಿಮಿಷದ ಕೆಲಸ, ಹೆಚ್ಚಿನವರು ಮರೆಯುವುದೂ ಇದನ್ನೇ.

ನೆಲ ಮತ್ತು ನೀರು

ಇಳಿಜಾರು ಸೈಟಿನಲ್ಲಿ ಮಾಡುವ ದೊಡ್ಡ ತಪ್ಪು ಗುಡ್ಡ ಕಡಿದ ಮಣ್ಣನ್ನು ಮುಂದೆ ತುಂಬಿ ಮನೆಯನ್ನು ಅರ್ಧ ಕಡಿದ ನೆಲದ ಮೇಲೆ, ಅರ್ಧ ತುಂಬಿದ ನೆಲದ ಮೇಲೆ ಕೂರಿಸುವುದು. ತುಂಬಿದ ಕಡೆ ಕುಸಿಯುತ್ತದೆ, ಮನೆ ಮಧ್ಯಕ್ಕೆ ಬಿರಿಯುತ್ತದೆ. ಬುನಾದಿ ಎಲ್ಲ ಕಡೆ ಮೂಲ ನೆಲಕ್ಕೆ ಇಳಿಯಲಿ, ಬೇಕಾದರೆ ಮೆಟ್ಟಿಲಾಗಿ. ಮೇಲುಬದಿಯಲ್ಲಿ ನೀರು ತಿರುಗಿಸುವ ಚರಂಡಿ, ತಡೆಗೋಡೆ ಬಂದರೆ ಅದರ ಹಿಂದೆ 300 ಮಿ.ಮೀ. ಖಡಿ, ಗೋಡೆಯಲ್ಲಿ ಒಂದರಿಂದ ಒಂದೂವರೆ ಮೀಟರಿಗೊಂದು 75 ಮಿ.ಮೀ. ತೂತು. ಮಳೆಗಾಲದಲ್ಲಿ ಬೀಳುವ ತಡೆಗೋಡೆಗಳನ್ನು ಬಹುತೇಕ ಕೆಡವುವುದು ಹಿಂದೆ ನಿಂತ ನೀರು. ಪ್ಲಿಂತು ಸುತ್ತಲಿನ ನೆಲದಿಂದ 600 ಮಿ.ಮೀ. ಮೇಲಿರಲಿ, ಅದರ ಮೇಲೆ 40-50 ಮಿ.ಮೀ. ತೇವನಿರೋಧಕ ಪದರ ಎಲ್ಲೂ ತುಂಡಾಗದೆ ಹೋಗಲಿ. ಗೆದ್ದಲಿನ ಔಷಧವನ್ನು ಬುನಾದಿಯ ಹಂತದಲ್ಲೇ ಮಾಡಿಸಿ.

ಮಳೆನೀರಿನ ಲೆಕ್ಕ ಸುಲಭ. 120 ಚದರ ಮೀಟರಿನ ಚಾವಣಿ, 3 ಮೀಟರು ಮಳೆ, ಐದನೇ ಒಂದು ಭಾಗ ಹೋಯಿತೆಂದರೂ ವರ್ಷಕ್ಕೆ 2.88 ಲಕ್ಷ ಲೀಟರು. ನಾಲ್ವರಿಗೆ ದಿನಕ್ಕೆ ತಲಾ 135 ಲೀಟರಿನಂತೆ ವರ್ಷಕ್ಕೆ ಬೇಕಾದದ್ದು 1.97 ಲಕ್ಷ. ನಿಮ್ಮ ಚಾವಣಿಯ ಮೇಲೆ ಬೀಳುವುದೇ ನಿಮಗೆ ಮಿಗುತ್ತದೆ. ಆದರೆ ಮಳೆಯಿಲ್ಲದ ಎಂಟು ತಿಂಗಳಿಗೆ ಕೂಡಿಡಲು 1.3 ಲಕ್ಷ ಲೀಟರಿನ ಟ್ಯಾಂಕು ಬೇಕು. 10,000 ಲೀಟರಿನದು ಹದಿನೆಂಟು ದಿನಕ್ಕೆ ಖಾಲಿ. ಹಾಗಾಗಿ ದೊಡ್ಡ ಟ್ಯಾಂಕಿಗೆ ಕಾಂಕ್ರೀಟು ಸುರಿಯಬೇಡಿ. 10,000 ಲೀಟರು ಸಾಕು, ಉಳಿದ ನೀರನ್ನು ಸೋಸಿ ತೆರೆದ ಬಾವಿಗೆ ಬಿಡಿ. ಮೊದಲ ಮಳೆಯ 2 ಮಿ.ಮೀ., ಅಂದರೆ 240 ಲೀಟರು, ಹೊರಹೋಗುವ ವ್ಯವಸ್ಥೆ ಇರಲಿ. ಗಂಟೆಗೆ 100 ಮಿ.ಮೀ. ಮಳೆಗೆ ಈ ಚಾವಣಿಯಿಂದ ಸೆಕೆಂಡಿಗೆ 3.3 ಲೀಟರು ಇಳಿಯುತ್ತದೆ. ಪ್ರತಿ ಬದಿಗೆ 110 ಮಿ.ಮೀ. ಪೈಪು ಎರಡೆರಡು ಹಾಕಿ, ಒಂದು ಎಲೆಯಿಂದ ಕಟ್ಟಿದರೂ ಇನ್ನೊಂದು ಓಡುತ್ತದೆ. ಚಿರೆಯ ನೆಲದಲ್ಲಿ ನೀರು ಬೇಗ ಹರಿದು ಹೋಗುತ್ತದೆ, ಕೊಳಕೂ ಅಷ್ಟೇ ಬೇಗ ಹರಿಯುತ್ತದೆ. ಶೌಚದ ನೀರಿನ ಇಂಗುಗುಂಡಿ ಬಾವಿಗಿಂತ ಇಳಿಜಾರಿನ ಕೆಳಗೆ, 15 ಮೀಟರಿಗಿಂತ ದೂರದಲ್ಲಿರಲಿ. ನೆರೆಯವರ ಬಾವಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಸೋಲಾರು ಕೊನೆಗೆ ಹಾಕಿದರೂ ನಡೆಯುತ್ತದೆ. ದಕ್ಷಿಣದ ಇಳಿಜಾರಿನಲ್ಲಿ ಪ್ಯಾನೆಲಿನ ಕಾಲಿಗೆ ಬೇಕಾದ ಕೊಂಡಿಗಳನ್ನು ಟ್ರಸ್ಸಿಗೆ ಈಗಲೇ ಬೆಸೆಸಿ, ಮೀಟರಿನ ತನಕ ಖಾಲಿ ಕೊಳವೆ ಬಿಡಿಸಿ. 3 ಕಿಲೋವ್ಯಾಟಿಗೆ ವರ್ಷದ ಸರಾಸರಿ ದಿನಕ್ಕೆ 12 ಯೂನಿಟಿನ ಆಸುಪಾಸು ಬರುತ್ತದೆ, ಜುಲೈಯಲ್ಲಿ ಬಹಳ ಕಡಿಮೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವಿದೆ.

ಬಿಡಬೇಕಾದದ್ದು: ಒಂದು ಮನೆಗೆ ಹಸಿರು ಪ್ರಮಾಣಪತ್ರ, ದುಬಾರಿ ವಿಶೇಷ ಗಾಜು, ಮುನ್ನೂರು ಕಿಲೋಮೀಟರು ದೂರದಿಂದ ತರಿಸುವ ಮಣ್ಣಿನ ಇಟ್ಟಿಗೆ, ಸಂಸ್ಕರಿಸದ ಬಿದಿರು. ಬಾಗಿಲು-ಕಿಟಕಿಯ ಹೊರಗಿನ ಬಿಜಾಗರಿ, ಸ್ಕ್ರೂ ಮಾತ್ರ ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲಿನವು ಇರಲಿ.

ಕೆಲಸದ ಕಾಲ ಹೀಗೆ ಹೊಂದಿಸಿ: ಅಕ್ಟೋಬರಿನಲ್ಲಿ ಮಳೆ ನಿಂತ ಕೂಡಲೇ ಚಿರೆ ತರಿಸಿ ಸೈಟಿನಲ್ಲೇ ಒಣಗಲು ಇಡಿ, ಅದೇ ಹೊತ್ತಿಗೆ ಬುನಾದಿ ತೆಗೆಯಿರಿ. ಜನವರಿಯಲ್ಲಿ ಗೋಡೆ ಏಳಲಿ, ಮೇ ಮಧ್ಯದೊಳಗೆ ಹೆಂಚು ಹೊದಿಸಿರಲಿ. ಒಳಗಿನ ಕೆಲಸ ಮಳೆಯಲ್ಲೂ ನಡೆಯುತ್ತದೆ.

ಕರಾರುಪತ್ರದಲ್ಲಿ ಕಾಂಕ್ರೀಟಿನ ದರ್ಜೆ, ಪ್ರತಿ ಭಾಗದ ಕವರು, ಸಿಮೆಂಟಿನ ಬಗೆ, 14 ದಿನದ ನೀರು, ಕ್ಯೂಬು ಪರೀಕ್ಷೆ (ಕಾಂಕ್ರೀಟಿನ ಚಿಕ್ಕ ಘನ ಅಚ್ಚು ಒಡೆದು ಬಲ ನೋಡುವುದು) ಇಷ್ಟೂ ಬರೆಸಿ. ಐದು ಘನ ಮೀಟರಿನ ಒಳಗಿನ ಸುರಿತಕ್ಕೆ ಒಂದು ಮಾದರಿ, ಹದಿನೈದರವರೆಗೆ ಎರಡು, ಮೂವತ್ತರವರೆಗೆ ಮೂರು. ಒಂದು ಮಾದರಿಗೆ ಮೂರು ಕ್ಯೂಬು, 28ನೇ ದಿನದ ಫಲಿತಾಂಶ ಬಂದ ಮೇಲೆಯೇ ಆ ಹಂತದ ಪೂರ್ತಿ ಹಣ. ಕಾಂಕ್ರೀಟು ಸುರಿಯುವ ಮೊದಲು ಎಂಜಿನಿಯರರು ಸರಳು ಮತ್ತು ಕವರು ನೋಡಿ ಸಹಿ ಹಾಕಬೇಕೆಂದೂ ಸೇರಿಸಿ. ಆ ಸಹಿಗೆ ಮುಂಚೆ ಮಾಡಬೇಕಾದ ಕೆಲಸ ಎರಡು, ಈ ವಾರವೇ ಆಗುತ್ತದೆ: ಒಂದು ಬಾಟಲಿ ಬಾವಿನೀರು ಲ್ಯಾಬಿಗೆ, ಐದು ಚಿರೆಕಲ್ಲು ನೀರಿನ ಹಂಡೆಗೆ.